ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್ ಅಸ್ಥಿರವಾದಾಗ: ದೋಷ ಹುಡುಕುವ ಕ್ರಮ

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವ ಹವ್ಯಾಸಿಗಳಲ್ಲಿ ಅನೇಕರು ಒಂದಲ್ಲ ಒಂದು ದಿನ ಕೈಹಾಕುವ ಸಾಹಸ ಓವರ್‌ಕ್ಲಾಕಿಂಗ್. ತಯಾರಕರು ನಿಗದಿಪಡಿಸಿದ ವೇಗವನ್ನು ಮೀರಿ ಪ್ರೊಸೆಸರನ್ನು ಓಡಿಸುವುದೇ ಇದರ ತಿರುಳು. ಮೊದಲ ದಿನ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ. ವಾರ ಕಳೆಯುವಷ್ಟರಲ್ಲಿ ಆಟದ ಮಧ್ಯೆ ಪರದೆ ನೀಲಿಯಾಗುತ್ತದೆ, ಸಂಕುಚಿತ ಕಡತ ತೆರೆಯಲು ನಿರಾಕರಿಸುತ್ತದೆ, ಯಾರೂ ಮುಟ್ಟದಿದ್ದರೂ ಯಂತ್ರ ತಾನಾಗಿ ಮರುಚಾಲನೆಗೊಳ್ಳುತ್ತದೆ.

ಇಂತಹ ಸಂದರ್ಭದಲ್ಲಿ ಯಂತ್ರ ಸ್ಥಗಿತಗೊಳ್ಳುವುದು ದೊಡ್ಡ ಅಪಾಯವಲ್ಲ. ಸ್ಥಗಿತಗೊಳ್ಳದೆ ತಪ್ಪು ಲೆಕ್ಕ ಮಾಡುತ್ತ ಮುಂದುವರಿಯುವುದೇ ನಿಜವಾದ ಅಪಾಯ. ಪ್ರೊಸೆಸರ್ ಅಥವಾ ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ತಪ್ಪು ಮದುವೆಯ ಛಾಯಾಚಿತ್ರದಲ್ಲೋ, ಲೆಕ್ಕಪತ್ರದಲ್ಲೋ, ಕಾರ್ಯಾಚರಣ ವ್ಯವಸ್ಥೆಯ ಕಡತದಲ್ಲೋ ಶಾಶ್ವತವಾಗಿ ಉಳಿದುಬಿಡಬಹುದು. ಆದ್ದರಿಂದ ದೋಷ ಹುಡುಕುವ ಕೆಲಸ ಆರಂಭವಾಗಬೇಕಾದುದು ಮುಖ್ಯ ದತ್ತಾಂಶದ ಪ್ರತಿ ತೆಗೆದಿಡುವುದರಿಂದ. ಆ ಪ್ರತಿಯನ್ನೂ ಅಸ್ಥಿರ ಸ್ಥಿತಿಯಲ್ಲಿ ತೆಗೆಯಬಾರದು. ಮೊದಲು ಬಯಾಸ್‌ನಲ್ಲಿ ಎಲ್ಲ ಆಯ್ಕೆಗಳನ್ನು ಮೂಲಸ್ಥಿತಿಗೆ ತಂದು, ಬಳಿಕ ನಕಲು ಮಾಡುವುದು ಸೂಕ್ತ.

ವೇಗ ಹೆಚ್ಚುವ ಬಗೆ

ಪ್ರೊಸೆಸರ್‌ನ ವೇಗವೆಂದರೆ ಮೂಲ ಗಡಿಯಾರದ ಆವರ್ತನ ಮತ್ತು ಗುಣಕ ಇವೆರಡರ ಗುಣಲಬ್ಧ. ಇಂದಿನ ಬಹುತೇಕ ಪ್ರೊಸೆಸರ್‌ಗಳಲ್ಲಿ ಮೂಲ ಆವರ್ತನ 100 ಮೆಗಾಹರ್ಟ್ಸ್. ಗುಣಕ 50 ಆದರೆ ವೇಗ 5 ಗಿಗಾಹರ್ಟ್ಸ್ ಆಗುತ್ತದೆ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಪ್ರೊಸೆಸರ್‌ನಲ್ಲಿ ಗುಣಕ 4.5ಕ್ಕೆ ಸ್ಥಿರವಾಗಿತ್ತು. ಹವ್ಯಾಸಿಗಳು ಅದರ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 300 ಮೆಗಾಹರ್ಟ್ಸ್ ಪ್ರೊಸೆಸರನ್ನು 450 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರು. ಓವರ್‌ಕ್ಲಾಕಿಂಗ್ ಜನಪ್ರಿಯವಾಗಲು ಇದು ಪ್ರಮುಖ ಕಾರಣಗಳಲ್ಲೊಂದು. ಗುಣಕವನ್ನು ಮುಕ್ತವಾಗಿಟ್ಟ ಪ್ರೊಸೆಸರ್‌ಗಳನ್ನು ಇಂಟೆಲ್ ಇತ್ತೀಚಿನ ಪೀಳಿಗೆಗಳಲ್ಲಿ 'ಕೆ' ಅಕ್ಷರದಿಂದ ಗುರುತಿಸುತ್ತದೆ. ಎಎಂಡಿಯ ರೈಜೆನ್ ಸರಣಿಯಲ್ಲಿ ಹೆಚ್ಚಿನ ಪ್ರೊಸೆಸರ್‌ಗಳ ಗುಣಕ ಮುಕ್ತವಾಗಿಯೇ ಇರುತ್ತದೆ.

5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 500 ಕೋಟಿ ಆವರ್ತಗಳು. ಪ್ರತಿ ಆವರ್ತಕ್ಕೆ ದೊರೆಯುವ ಕಾಲಾವಕಾಶ ಒಂದು ನ್ಯಾನೊಸೆಕೆಂಡಿನ ಐದನೇ ಒಂದು ಭಾಗ ಮಾತ್ರ. ಈ ಅವಧಿಯೊಳಗೆ ಸಂಕೇತವು ಟ್ರಾನ್ಸಿಸ್ಟರ್‌ಗಳ ಸಾಲನ್ನು ದಾಟಿ ಮುಂದಿನ ಹಂತವನ್ನು ತಲುಪಬೇಕು. ತಡವಾದರೆ ಹಳೆಯ ಮೌಲ್ಯವೇ ದಾಖಲಾಗಿ ಲೆಕ್ಕ ತಪ್ಪುತ್ತದೆ. ವೋಲ್ಟೇಜ್ ಹೆಚ್ಚಿಸಿದರೆ ಟ್ರಾನ್ಸಿಸ್ಟರ್‌ಗಳು ಚುರುಕಾಗುತ್ತವೆ, ಆದರೆ ಅದಕ್ಕೆ ಶಾಖದ ರೂಪದಲ್ಲಿ ಬೆಲೆ ತೆರಬೇಕು.

ಚಾಲನೆಯಲ್ಲಿ ವ್ಯಯವಾಗುವ ವಿದ್ಯುತ್ತು ವೇಗದ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗದ ಅನುಪಾತದಲ್ಲಿಯೂ ಏರುತ್ತದೆ. ವೇಗವನ್ನು 4.0ರಿಂದ 4.4 ಗಿಗಾಹರ್ಟ್ಸ್‌ಗೆ, ವೋಲ್ಟೇಜನ್ನು 1.20ರಿಂದ 1.32ಕ್ಕೆ ಏರಿಸಿದರೆ ಎರಡೂ ಹೆಚ್ಚುವುದು ಶೇ. 10ರಷ್ಟು ಮಾತ್ರ, ವಿದ್ಯುತ್ ವ್ಯಯವಾದರೋ ಸುಮಾರು ಶೇ. 33ರಷ್ಟು ಹೆಚ್ಚುತ್ತದೆ.

ಲಕ್ಷಣಗಳನ್ನು ಓದುವುದು

ಅಸ್ಥಿರತೆಗೆ ಮುಖ್ಯವಾಗಿ ನಾಲ್ಕು ಕಡೆಯಿಂದ ಕಾರಣ ಬರಬಹುದು: ಪ್ರೊಸೆಸರ್ ಕೋರ್, ಮೆಮೊರಿ, ಶಾಖ, ವಿದ್ಯುತ್ ಪೂರೈಕೆ. ಯಂತ್ರ ಯಾವ ರೀತಿ ಕುಸಿಯುತ್ತದೆ ಎಂಬುದರಲ್ಲೇ ಒಂದಿಷ್ಟು ಸುಳಿವು ಇರುತ್ತದೆ.

* ನೀಲಿ ಪರದೆಯ ಮೇಲೆ 'ವ್ಹೀ ಅನ್‌ಕರೆಕ್ಟಬಲ್ ಎರರ್' ಅಥವಾ 'ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್' ಎಂದು ಕಾಣಿಸಿದರೆ ಹೆಚ್ಚಿನ ಸಲ ಪ್ರೊಸೆಸರ್‌ಗೆ ಆ ವೇಗದಲ್ಲಿ ವೋಲ್ಟೇಜ್ ಸಾಲುತ್ತಿಲ್ಲವೆಂದು ಅರ್ಥ.
* 'ಮೆಮೊರಿ ಮ್ಯಾನೇಜ್‌ಮೆಂಟ್' ಎಂಬ ಸಂದೇಶ, ಪ್ರತಿ ಬಾರಿಯೂ ಬದಲಾಗುವ ದೋಷಸಂದೇಶಗಳು, ಸಂಕುಚಿತ ಕಡತಗಳು ಹಾಳಾಗಿವೆ ಎಂಬ ದೂರು ಇವು ಮೆಮೊರಿಯತ್ತ ಬೆರಳು ತೋರುತ್ತವೆ.
* ಯಾವ ಸಂದೇಶವೂ ಇಲ್ಲದೆ, ಸ್ವಿಚ್ ಆರಿಸಿದಂತೆ ಯಂತ್ರ ನಿಂತುಹೋದರೆ ವಿದ್ಯುತ್ ಪೂರೈಕೆ ಘಟಕದ ರಕ್ಷಣಾ ವ್ಯವಸ್ಥೆ ಅಥವಾ ಮಿತಿಮೀರಿದ ಶಾಖವನ್ನು ಶಂಕಿಸಬೇಕು.
* ಯಂತ್ರ ಸ್ಥಗಿತಗೊಳ್ಳದೆ ವೇಗ ಮಾತ್ರ ಕುಸಿಯುತ್ತಿದ್ದರೆ ಪ್ರೊಸೆಸರ್ ಶಾಖ ಅಥವಾ ವಿದ್ಯುತ್ ಮಿತಿಯನ್ನು ಮುಟ್ಟಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿರುವ ಸಾಧ್ಯತೆ ಹೆಚ್ಚು.

ಇವು ಸುಳಿವುಗಳೇ ಹೊರತು ತೀರ್ಪುಗಳಲ್ಲ. ವಿಂಡೋಸ್‌ನ 'ಇವೆಂಟ್ ವ್ಯೂವರ್' ತೆರೆದು 'ವ್ಹೀ ಲಾಗರ್' ಹೆಸರಿನ ದಾಖಲೆಗಳನ್ನು ನೋಡುವುದು ಅಗತ್ಯ. ಅಲ್ಲಿ 18ನೇ ಸಂಖ್ಯೆಯ ದಾಖಲೆ ಮಾರಕ ದೋಷವನ್ನೂ 19ನೇ ಸಂಖ್ಯೆಯದು ಯಂತ್ರವೇ ಸರಿಪಡಿಸಿಕೊಂಡ ದೋಷವನ್ನೂ ಸೂಚಿಸುತ್ತವೆ. ಬಳಕೆದಾರನಿಗೆ ಏನೂ ಆಗಿಲ್ಲವೆಂದು ತೋರುವ ದಿನಗಳಲ್ಲಿಯೂ 19ರ ದಾಖಲೆಗಳು ಸಾಲುಗಟ್ಟಿದ್ದರೆ ಯಂತ್ರ ಸ್ಥಿರವಾಗಿಲ್ಲ ಎಂದೇ ತಿಳಿಯಬೇಕು.

ಒಂದು ಬಾರಿಗೆ ಒಂದೇ ಬದಲಾವಣೆ

ದೋಷ ಪತ್ತೆಯ ಮೂಲಸೂತ್ರ ಇದು. ಗುಣಕ, ವೋಲ್ಟೇಜ್, ಮೆಮೊರಿ ಮೂರನ್ನೂ ಒಟ್ಟಿಗೆ ಬದಲಾಯಿಸಿದವನಿಗೆ ಯಂತ್ರ ಸರಿಯಾದರೂ ಕಾರಣ ತಿಳಿಯುವುದಿಲ್ಲ, ಕೆಟ್ಟರೂ ತಿಳಿಯುವುದಿಲ್ಲ. ಪ್ರತಿ ಬದಲಾವಣೆಯನ್ನೂ ಅದರ ಫಲಿತಾಂಶವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಮೊದಲಿಗೆ ಎಲ್ಲವನ್ನೂ ಮೂಲಸ್ಥಿತಿಗೆ ತಂದು ಪರೀಕ್ಷಿಸಬೇಕು. ಯಂತ್ರ ಬಯಾಸ್ ಪರದೆಯನ್ನೂ ತಲುಪದಿದ್ದರೆ ವಿದ್ಯುತ್ ಸಂಪರ್ಕ ತೆಗೆದು, ಮದರ್‌ಬೋರ್ಡಿನ 'ಕ್ಲಿಯರ್ ಸಿಮಾಸ್' ಜಂಪರ್ ಬಳಸಬಹುದು ಅಥವಾ ನಾಣ್ಯದ ಆಕಾರದ ಬ್ಯಾಟರಿಯನ್ನು ಕೆಲ ನಿಮಿಷ ಹೊರತೆಗೆದಿಡಬಹುದು. ಮೂಲಸ್ಥಿತಿಯಲ್ಲೂ ಯಂತ್ರ ಕುಸಿದರೆ ದೋಷ ಓವರ್‌ಕ್ಲಾಕಿಂಗ್‌ನದಲ್ಲ, ಬಿಡಿಭಾಗವನ್ನೇ ಶಂಕಿಸಬೇಕಾಗುತ್ತದೆ.

ಎರಡನೆಯದಾಗಿ ಮೆಮೊರಿಯನ್ನು ಪ್ರತ್ಯೇಕಿಸಬೇಕು. ಹಲವರು ಮರೆಯುವ ಸಂಗತಿಯೆಂದರೆ, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆರಿಸುವುದು ಕೂಡ ಒಂದು ಓವರ್‌ಕ್ಲಾಕ್. ಪೆಟ್ಟಿಗೆಯ ಮೇಲೆ 6000 ಎಂದು ಮುದ್ರಿತವಾದ ಡಿಡಿಆರ್5 ಮೆಮೊರಿ ಆ ಆಯ್ಕೆ ಇಲ್ಲದಿದ್ದರೆ ಸಾಮಾನ್ಯವಾಗಿ 4800 ಅಥವಾ 5600ರ ವೇಗದಲ್ಲಿ ಓಡುತ್ತದೆ. ಆ ಹೆಚ್ಚುವರಿ ವೇಗದ ಹೊರೆ ಬೀಳುವುದು ಮೆಮೊರಿಯ ಮೇಲಷ್ಟೇ ಅಲ್ಲ, ಪ್ರೊಸೆಸರ್‌ನೊಳಗಿನ ಮೆಮೊರಿ ನಿಯಂತ್ರಕದ ಮೇಲೂ ಹೌದು. ಆದ್ದರಿಂದ ಪ್ರೊಸೆಸರ್ ಪರೀಕ್ಷಿಸುವಾಗ ಈ ಆಯ್ಕೆಯನ್ನು ಆರಿಸಿಡಬೇಕು, ಮೆಮೊರಿ ಪರೀಕ್ಷಿಸುವಾಗ ಪ್ರೊಸೆಸರನ್ನು ಮೂಲವೇಗದಲ್ಲಿಡಬೇಕು. ಮೆಮೊರಿಗೆ ಪೆನ್‌ಡ್ರೈವ್‌ನಿಂದ ಚಾಲನೆಗೊಳ್ಳುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ರಾತ್ರಿಯಿಡೀ ಓಡಿಸುವುದು ವಾಡಿಕೆ. ಅದರಲ್ಲಿ ಒಂದು ದೋಷ ಕಂಡರೂ ಅದು ದೋಷವೇ.

ಮೂರನೆಯದು ಪ್ರೊಸೆಸರ್ ಪರೀಕ್ಷೆ. ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಜಾಗತಿಕ ಯೋಜನೆಗಾಗಿ ರೂಪುಗೊಂಡ ಪ್ರೈಮ್95 ಇಂದಿಗೂ ಈ ಕೆಲಸದಲ್ಲಿ ಹೆಸರುವಾಸಿ. ಅದು ಪ್ರೊಸೆಸರನ್ನು ಬಿಸಿ ಮಾಡುವುದಷ್ಟೇ ಅಲ್ಲ, ಬಂದ ಉತ್ತರವನ್ನು ಮೊದಲೇ ತಿಳಿದಿರುವ ಸರಿಯುತ್ತರದೊಂದಿಗೆ ಹೋಲಿಸುತ್ತದೆ. ಯಂತ್ರ ಸ್ಥಗಿತಗೊಳ್ಳದ ಮೌನ ತಪ್ಪುಗಳೂ ಹೀಗೆ ಬಯಲಾಗುತ್ತವೆ. 'ಸ್ಮಾಲ್ ಎಫ್‌ಎಫ್‌ಟಿ' ಆಯ್ಕೆ ಪ್ರೊಸೆಸರ್ ಕೋರ್‌ಗಳನ್ನೂ 'ಬ್ಲೆಂಡ್' ಆಯ್ಕೆ ಮೆಮೊರಿಯನ್ನೂ ಹೆಚ್ಚಾಗಿ ದಂಡಿಸುತ್ತವೆ. ಯಾವ ವರ್ಕರ್ ಪದೇಪದೇ ನಿಲ್ಲುತ್ತದೆ ಎಂಬುದರಿಂದ ದುರ್ಬಲ ಕೋರ್‌ನ ಸುಳಿವೂ ಸಿಗಬಹುದು. ದೋಷ ಕಂಡಾಗ ಗುಣಕವನ್ನು ಒಂದು ಹಂತ ಇಳಿಸಿ ನೋಡುವುದು ಸುರಕ್ಷಿತ ಮಾರ್ಗ. ಶಾಖದಲ್ಲಿ ಅವಕಾಶವಿದ್ದರೆ ಮಾತ್ರ ವೋಲ್ಟೇಜನ್ನು ಅತಿ ಚಿಕ್ಕ ಹೆಜ್ಜೆಗಳಲ್ಲಿ ಏರಿಸಬೇಕು.

ವೋಲ್ಟೇಜ್ ಮತ್ತು ಶಾಖ

ಬಯಾಸ್‌ನಲ್ಲಿ ನಮೂದಿಸಿದ ವೋಲ್ಟೇಜ್ ಪ್ರೊಸೆಸರ್‌ಗೆ ಹಾಗೆಯೇ ತಲುಪುವುದಿಲ್ಲ. ಹೊರೆ ಬಿದ್ದೊಡನೆ ಅದು ತುಸು ಕುಸಿಯುತ್ತದೆ. ಈ ಕುಸಿತವನ್ನು ತಗ್ಗಿಸಲು 'ಲೋಡ್ ಲೈನ್ ಕ್ಯಾಲಿಬ್ರೇಷನ್' ಎಂಬ ಆಯ್ಕೆಯಿದೆ. ಅದನ್ನು ಅತಿಯಾಗಿ ಬಳಸಿದರೆ ಹೊರೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮಿ ಪ್ರೊಸೆಸರ್‌ಗೆ ಹಾನಿಯಾದೀತು. ಮಧ್ಯಮ ಹಂತವೇ ಲೇಸು. ಒಂದು ಕಂಪನಿಯ ಬೋರ್ಡಿನಲ್ಲಿ 1ನೇ ಹಂತ ಅತಿ ಪ್ರಬಲವಾಗಿದ್ದರೆ ಇನ್ನೊಂದು ಕಂಪನಿಯದರಲ್ಲಿ ಅದೇ ಅತಿ ದುರ್ಬಲವಾಗಿರುವುದುಂಟು. ಕೈಪಿಡಿ ನೋಡದೆ ಮುಟ್ಟಬಾರದು.

ಶಾಖದ ವಿಷಯದಲ್ಲಿ ಋತುಮಾನವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಕೂಲರ್ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ತಂಪಾಗಿಸಲಾರದು. ಡಿಸೆಂಬರ್‌ನಲ್ಲಿ 25 ಡಿಗ್ರಿ ಸೆಲ್ಸಿಯಸ್ ಇದ್ದ ಕೋಣೆಯಲ್ಲಿ 80 ಡಿಗ್ರಿಯಲ್ಲಿ ನಿಂತಿದ್ದ ಪ್ರೊಸೆಸರ್, ಕಲಬುರಗಿ ಅಥವಾ ರಾಯಚೂರಿನ ಬೇಸಿಗೆಯ 40 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 95 ಡಿಗ್ರಿ ತಲುಪುತ್ತದೆ. ಇಂಟೆಲ್‌ನ ಅನೇಕ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ, ಎಎಂಡಿ ರೈಜೆನ್ 7000 ಸರಣಿಯ ಹೆಚ್ಚಿನವುಗಳ ಮಿತಿ 95 ಡಿಗ್ರಿ. ಚಳಿಗಾಲದಲ್ಲಿ ಸ್ಥಿರವಾಗಿದ್ದ ಯಂತ್ರ ಏಪ್ರಿಲ್‌ನಲ್ಲಿ ತೊಂದರೆ ಕೊಟ್ಟರೆ ಮೊದಲು ಕೂಲರ್‌ನ ದೂಳು, ಫ್ಯಾನ್ ಮತ್ತು ಥರ್ಮಲ್ ಪೇಸ್ಟ್ ನೋಡಬೇಕು.

ಕೆಲಸವಿಲ್ಲದಾಗಲೇ ಕುಸಿಯುವ ಯಂತ್ರ

ಭಾರೀ ಪರೀಕ್ಷೆಗಳಲ್ಲೆಲ್ಲ ಗೆದ್ದ ಯಂತ್ರ, ಬಳಕೆದಾರ ಚಹಾ ಕುಡಿಯಲು ಎದ್ದಾಗ ಮರುಚಾಲನೆಗೊಳ್ಳುವುದೂ ಉಂಟು. ರೈಜೆನ್ 5000 ಸರಣಿಯೊಂದಿಗೆ ಬಳಕೆಗೆ ಬಂದ 'ಕರ್ವ್ ಆಪ್ಟಿಮೈಸರ್' ಮೂಲಕ ವೋಲ್ಟೇಜ್ ಇಳಿಸಿದವರಲ್ಲಿ ಇದು ಪರಿಚಿತ ದೂರು. ಎಲ್ಲ ಕೋರ್‌ಗಳೂ ದುಡಿಯುವಾಗ ವೇಗ ಕಡಿಮೆ ಇರುತ್ತದೆ. ಹಗುರ ಕೆಲಸದಲ್ಲಿ ಒಂದೇ ಕೋರ್ ಗರಿಷ್ಠ ವೇಗಕ್ಕೆ ಜಿಗಿಯುತ್ತದೆ. ಕೊರತೆ ಕಾಣಿಸುವುದು ಆಗ. ಆದ್ದರಿಂದ ಒಂದೊಂದೇ ಕೋರನ್ನು ಪ್ರತ್ಯೇಕವಾಗಿ ಪರೀಕ್ಷಿಸಿ, ಸೋತ ಕೋರ್‌ಗೆ ಮಾತ್ರ ಇಳಿಕೆಯನ್ನು ತಗ್ಗಿಸುವುದು ಪರಿಹಾರ.

ತಪ್ಪು ಬಳಕೆದಾರನದಲ್ಲದಿದ್ದಾಗ

ಓವರ್‌ಕ್ಲಾಕ್ ಮಾಡಿದ್ದು ತಿಳಿಯದೆಯೇ ಅದರ ಫಲ ಉಣ್ಣುವವರೂ ಇದ್ದಾರೆ. 2005ರಲ್ಲಿ ಮೈಕ್ರೋಸಾಫ್ಟ್ ಇಂಜಿನಿಯರ್ ರೇಮಂಡ್ ಚೆನ್ ಇಂತಹ ಪ್ರಸಂಗವೊಂದನ್ನು ದಾಖಲಿಸಿದ್ದರು. ವಿಂಡೋಸ್ ಕುಸಿತದ ವರದಿಗಳನ್ನು ಪರಿಶೀಲಿಸುತ್ತಿದ್ದ ಅವರ ಸಹೋದ್ಯೋಗಿಗೆ, ಎಂದೂ ವಿಫಲವಾಗಲು ಸಾಧ್ಯವಿಲ್ಲದ ಸರಳ ಆಜ್ಞೆಯಲ್ಲೇ ಕೆಲವು ಯಂತ್ರಗಳು ಕುಸಿದಿರುವುದು ಕಂಡಿತು. ವಿಚಾರಿಸಿದಾಗ ಆ ಯಂತ್ರಗಳಲ್ಲಿ ಹಲವು ಓವರ್‌ಕ್ಲಾಕ್ ಆಗಿದ್ದವು. ಕೆಲವು ಮಾಲೀಕರಿಗೆ ಅದರ ಅರಿವೇ ಇರಲಿಲ್ಲ. ಮಾರಿದ ಅಂಗಡಿಯೇ ವೇಗ ಏರಿಸಿ ಕೊಟ್ಟಿತ್ತು.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಪ್ರಕರಣ ಇನ್ನೂ ಭಿನ್ನ. ಓವರ್‌ಕ್ಲಾಕ್ ಮಾಡದ ಯಂತ್ರಗಳೂ ಆಟಗಳ ಮಧ್ಯೆ ಕುಸಿಯುತ್ತಿದ್ದವು. ಪರದೆಯ ಮೇಲೆ ಬರುತ್ತಿದ್ದ ಸಂದೇಶ 'ವಿಡಿಯೊ ಮೆಮೊರಿ ಸಾಲದು' ಎಂದಾದ್ದರಿಂದ ಗ್ರಾಫಿಕ್ಸ್ ಕಾರ್ಡನ್ನು ದೂರುವುದು ಸಹಜವಾಗಿತ್ತು, ದೋಷವಿದ್ದುದು ಪ್ರೊಸೆಸರ್‌ನಲ್ಲಿ. ಮೈಕ್ರೋಕೋಡ್ ತಪ್ಪಾಗಿ ಹೆಚ್ಚಿನ ವೋಲ್ಟೇಜ್ ಕೇಳುತ್ತಿದೆ ಎಂದು ಕಂಪನಿ 2024ರ ಜುಲೈನಲ್ಲಿ ಒಪ್ಪಿಕೊಂಡಿತು. ಆಗಸ್ಟ್‌ನಿಂದ ಪರಿಷ್ಕೃತ ಮೈಕ್ರೋಕೋಡ್ ಬಿಡುಗಡೆ ಮಾಡಿ, ಪೀಡಿತ ಮಾದರಿಗಳ ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಪರಿಷ್ಕರಣೆ ಮುಂದಿನ ಹಾನಿಯನ್ನು ತಡೆಯಬಲ್ಲದು, ಈಗಾಗಲೇ ಸವೆದ ಪ್ರೊಸೆಸರನ್ನು ಸರಿಪಡಿಸಲಾರದು. ಈ ಪೀಳಿಗೆಯ ಪ್ರೊಸೆಸರ್ ಹೊಂದಿರುವವರು ಬೇರೇನನ್ನೂ ಮಾಡುವ ಮೊದಲು ಬಯಾಸ್ ನವೀಕರಿಸಬೇಕು.

ಎಲ್ಲಿ ನಿಲ್ಲಿಸಬೇಕು?

ಮೈಕ್ರೋಸಾಫ್ಟ್ ಸಂಶೋಧಕರು ಸುಮಾರು 10 ಲಕ್ಷ ಗೃಹ ಕಂಪ್ಯೂಟರ್‌ಗಳ ವರದಿಗಳನ್ನು ವಿಶ್ಲೇಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓವರ್‌ಕ್ಲಾಕ್ ಆದ ಯಂತ್ರಗಳು ಉಳಿದವುಗಳಿಗಿಂತ ಗಣನೀಯವಾಗಿ ಹೆಚ್ಚು ಕುಸಿಯುತ್ತವೆ ಎಂಬುದು ಕಂಡುಬಂದಿತ್ತು. ಯಂತ್ರಾಂಶದ ದೋಷದಿಂದ ಒಮ್ಮೆ ಕುಸಿದ ಯಂತ್ರ ಮತ್ತೆ ಕುಸಿಯುವ ಸಂಭವ ಬಹಳ ಹೆಚ್ಚು ಎಂದೂ ಆ ಅಧ್ಯಯನ ತಿಳಿಸಿತು. 'ಒಂದೇ ಸಲ ತಾನೇ' ಎಂದು ನೀಲಿ ಪರದೆಯನ್ನು ಕಡೆಗಣಿಸುವುದು ಸರಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ಪರೀಕ್ಷೆಯಲ್ಲಿ ಗೆದ್ದ ಕೊನೆಯ ವೇಗದಲ್ಲೇ ಯಂತ್ರವನ್ನು ನೆಲೆಗೊಳಿಸಬಾರದು. ಅಲ್ಲಿಂದ ಒಂದು ಅಥವಾ ಎರಡು ಹಂತ ಕೆಳಗಿಳಿದರೆ ಬೇಸಿಗೆಗೂ ಪ್ರೊಸೆಸರ್‌ನ ಸಹಜ ಸವೆತಕ್ಕೂ ಅವಕಾಶ ಉಳಿಯುತ್ತದೆ. ಸ್ಥಿರವಾದ ಬಳಿಕ ವಿಂಡೋಸ್‌ನ ಕಡತ ತಪಾಸಣೆ ಆಜ್ಞೆಗಳನ್ನು ಓಡಿಸಿ, ಅಸ್ಥಿರ ದಿನಗಳಲ್ಲಿ ಉಳಿಸಿದ ಕಡತಗಳನ್ನು ತೆರೆದು ನೋಡುವುದು ಅವಶ್ಯ. 100 ಮೆಗಾಹರ್ಟ್ಸ್ ಕಡಿಮೆಯಾದರೆ ದಿನನಿತ್ಯದ ಬಳಕೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಹಾಳಾದ ಕಡತ ಮಾತ್ರ, ಅದರ ಅಗತ್ಯ ಬಿದ್ದ ದಿನವೇ ತಿಳಿಯುತ್ತದೆ.