ಸುಣ್ಣ, ಬೂದಿ, ಮೊಟ್ಟೆಚಿಪ್ಪು: ಎರೆಮಣ್ಣಿನ ಹಿತ್ತಲಿಗೆ ಇವು ಬೇಕೇ?

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದ ಕೂಡಲೇ ವಾಟ್ಸಾಪ್ ಗುಂಪುಗಳಲ್ಲಿ ಕೈತೋಟದ ಸಂದೇಶಗಳು ಓಡಾಡಲು ಶುರುವಾಗುತ್ತವೆ. ಮಡಿ ಮಾಡುವ ಮೊದಲು ಮಣ್ಣಿಗೆ ಎರಡು ಹಿಡಿ ಸುಣ್ಣ ಹಾಕಿ, ಒಲೆಯ ಬೂದಿ ಸುರಿಯಿರಿ, ಮೊಟ್ಟೆಚಿಪ್ಪು ಪುಡಿ ಮಾಡಿ ಬೆರೆಸಿ, ಮಣ್ಣು ಜಿಗುಟಾಗಿದ್ದರೆ ಉಸುಕು ಕಲಸಿ, ಎಲೆ ಹಳದಿಯಾದರೆ ಎಪ್ಸಂ ಸಾಲ್ಟ್ ಸಿಂಪಡಿಸಿ. ನಮಗೆ ಬಂದ ಒಂದು ಸಂದೇಶದಲ್ಲಂತೂ ಕೊನೆಯ ಹಿಮ ಬಿದ್ದು ಎರಡು ವಾರ ಕಳೆದ ಮೇಲೆ ಬೀಜ ಊರಬೇಕು ಎಂದಿತ್ತು. ರೋಣದಲ್ಲಿ ಕುಳಿತು ಹಿಮಕ್ಕೆ ಕಾಯುವುದಾದರೆ ಬೀಜದ ಪೊಟ್ಟಣವನ್ನು ಮೊಮ್ಮಕ್ಕಳ ಕೈಗೆ ಕೊಟ್ಟು ಹೋಗಬೇಕಾದೀತು.

ಈ ಸಲಹೆಗಳು ನಿಜವೇ? ಹಲವು ನಿಜ, ಆದರೆ ಬೇರೆ ಊರಿನ ಮಣ್ಣಿಗೆ. ರೋಣ, ನರಗುಂದ, ಗಜೇಂದ್ರಗಡ ಭಾಗದ ಎರೆಮಣ್ಣಿನ ಸಮಸ್ಯೆ ಇದಕ್ಕೆ ತದ್ವಿರುದ್ಧ. ಇಲ್ಲಿ ಇವುಗಳಲ್ಲಿ ಕೆಲವನ್ನು ಹಾಕಿದರೆ ಬರೀ ದಂಡ, ಕೆಲವನ್ನು ಹಾಕಿದರೆ ನಷ್ಟ.

ಸುಣ್ಣ ಯಾರ ಮಣ್ಣಿಗೆ ಬೇಕು?

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆ ವಿಪರೀತ. ನೂರಾರು ವರ್ಷ ಸುರಿದ ಆ ಮಳೆ ಮಣ್ಣಿನಲ್ಲಿದ್ದ ಕ್ಯಾಲ್ಸಿಯಂ ಅನ್ನು ತೊಳೆದು ಒಯ್ದಿದೆ. ಹಾಗಾಗಿ ಅಲ್ಲಿನ ಮಣ್ಣು ಹುಳಿ, ಅಂದರೆ ಆಮ್ಲೀಯ. ಅಲ್ಲಿನವರು ಸುಣ್ಣ ಹಾಕುವುದು ಸರಿಯಾದ ಕ್ರಮ. ಯುರೋಪು, ಅಮೆರಿಕದ ಮಳೆ ಹೆಚ್ಚಿರುವ ಅನೇಕ ಕಡೆಯೂ ಇದೇ ಸ್ಥಿತಿ. ತೋಟಗಾರಿಕೆಯ ಬಹುಪಾಲು ವಿಡಿಯೋಗಳು ಬರುವುದು ಇಂಥ ಕಡೆಗಳಿಂದಲೇ.

ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಅಷ್ಟು ನೀರು ಸುಣ್ಣವನ್ನು ತೊಳೆಯಲಾರದು. ಅದು ಮಣ್ಣಿನಲ್ಲೇ ಉಳಿದು, ಒಣಗಿ, ಹರಳುಗಟ್ಟುತ್ತದೆ. ಎರೆ ಹೊಲದಲ್ಲಿ ಗುಂಡಿ ತೋಡಿದವರಿಗೆ ಕೆಳಗೆ ಸಿಗುವ ಬಿಳಿ ಹರಳುಗಳು ಗೊತ್ತಿರುತ್ತವೆ. ಅವು ಸುಣ್ಣದವೇ. ಮಣ್ಣಿನ ರಸಸಾರ, ಅಂದರೆ ಪಿಎಚ್, 7 ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಬಹಳಷ್ಟು ತರಕಾರಿಗಳಿಗೆ 6ರಿಂದ 7ರ ಸುತ್ತ ಹಿತ. ಎರೆಮಣ್ಣಿನಲ್ಲಿ ಇದು ಸಾಮಾನ್ಯವಾಗಿ 8 ದಾಟಿರುತ್ತದೆ. ಅಂಥ ಮಣ್ಣಿಗೆ ಮತ್ತೆ ಸುಣ್ಣ ಸುರಿಯುವುದೆಂದರೆ ಉಪ್ಪು ಹೆಚ್ಚಾದ ಸಾರಿಗೆ ಇನ್ನೊಂದು ಚಮಚ ಉಪ್ಪು ಹಾಕಿದಂತೆ.

ನಿಮ್ಮ ಹಿತ್ತಲಲ್ಲಿ ಸುಣ್ಣ ಇದೆಯೇ ಎಂದು ಮನೆಯಲ್ಲೇ ನೋಡಬಹುದು. ಒಣಗಿದ ಒಂದು ಚಮಚ ಮಣ್ಣಿನ ಮೇಲೆ ನಿಂಬೆಹಣ್ಣು ಹಿಂಡಿ, ಕಿವಿ ಹತ್ತಿರ ಹಿಡಿಯಿರಿ. ಬುರುಬುರು ಎಂದು ಗುಳ್ಳೆ ಎದ್ದರೆ ಸುಣ್ಣ ಇದೆ. ಗುಳ್ಳೆ ಬರಲಿಲ್ಲ ಎಂದ ಮಾತ್ರಕ್ಕೆ ಮಣ್ಣು ಹುಳಿ ಎಂದಲ್ಲ. ಗಜೇಂದ್ರಗಡದ ಗುಡ್ಡದ ಬದಿಯ ಮಸಾರಿ ಮಣ್ಣಿನಲ್ಲಿ ಗುಳ್ಳೆ ಏಳದಿರಬಹುದು.

ಹಾಗಾದರೆ ನಿಂಬೆರಸ, ವಿನೆಗರ್ ಹಾಕಿ ಮಣ್ಣನ್ನು ಸರಿಮಾಡಬಹುದಲ್ಲ ಎಂದು ಇನ್ನೊಂದು ಸಂದೇಶ ಹೇಳುತ್ತದೆ. ಲೆಕ್ಕ ಹಾಕಿ ನೋಡೋಣ. 10 ಅಡಿ ಉದ್ದ, 10 ಅಡಿ ಅಗಲದ ಮಡಿಯಲ್ಲಿ ಮೇಲಿನ ಅರ್ಧ ಅಡಿ ಮಣ್ಣಿನ ತೂಕವೇ ಸುಮಾರು 1,800 ಕೆ.ಜಿ. ಅದರಲ್ಲಿ ನೂರಕ್ಕೆ ಐದು ಪಾಲು ಸುಣ್ಣ ಇದೆ ಎಂದುಕೊಂಡರೂ 90 ಕೆ.ಜಿ. ಆಯಿತು. ಅಷ್ಟನ್ನು ಕರಗಿಸಲು ಸಂತೆಯ ನಿಂಬೆಹಣ್ಣೆಲ್ಲ ತಂದರೂ ಸಾಲದು. ಎರೆಮಣ್ಣಿನ ಪಿಎಚ್ ಇಳಿಸಲು ಹಠ ಹಿಡಿಯುವ ಬದಲು ಅದರೊಂದಿಗೆ ಹೊಂದಿಕೊಳ್ಳುವುದೇ ದಾರಿ.

ಬೂದಿಯೂ ಕ್ಷಾರವೇ. ಅದರಲ್ಲಿ ಪೊಟ್ಯಾಷ್ ಇದೆ ಎಂಬ ಮಾತು ನಿಜ, ಆದರೆ ಎರೆಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಸಾಕಷ್ಟು ಇರುತ್ತದೆ. ಅಜ್ಜಿಯರು ಬೆಳಗಿನ ಇಬ್ಬನಿ ಆರುವ ಮೊದಲು ಹೇನು ಹತ್ತಿದ ಎಲೆಯ ಮೇಲೆ ಚಿಟಿಕೆ ಬೂದಿ ಉದುರಿಸುತ್ತಿದ್ದರಲ್ಲ, ಅದು ಬೇರೆ. ಅದರಿಂದ ಮಣ್ಣಿಗೆ ತೊಂದರೆಯಿಲ್ಲ. ಬುಟ್ಟಿಗಟ್ಟಲೆ ಮಡಿಗೆ ಸುರಿಯುವುದು ಬೇಡ. ಮೊಟ್ಟೆಚಿಪ್ಪೂ ಸುಣ್ಣದ್ದೇ, ಆದರೆ ಕ್ಷಾರ ಮಣ್ಣಿನಲ್ಲಿ ಅದು ಕರಗುವುದೇ ಇಲ್ಲ. ವರ್ಷ ಬಿಟ್ಟು ಅಗೆದರೂ ಹಾಗೇ ಸಿಗುತ್ತದೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದಕ್ಕೆ ಇದೇ ಮದ್ದು ಎನ್ನುತ್ತಾರೆ. ಆ ರೋಗಕ್ಕೆ ಹೆಚ್ಚಾಗಿ ಕಾರಣ ಒಂದು ದಿನ ತುಂಬ ನೀರು, ನಾಲ್ಕು ದಿನ ಏನೂ ಇಲ್ಲ ಎಂಬಂತೆ ನೀರು ಹಾಕುವುದು. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೂ ಕಾಯಿಗೆ ತಲುಪಿರುವುದಿಲ್ಲ, ಅಷ್ಟೇ.

ಎಲೆ ಹಳದಿಯಾದರೆ ಯಾವ ಎಲೆ ಎಂದು ನೋಡಿ

ಇಲ್ಲಿ ನಾವೂ ಒಮ್ಮೆ ಮೋಸಹೋಗಿದ್ದೇವೆ. ಹೀರೇಬಳ್ಳಿಯ ಕುಡಿ ಹಳದಿಯಾಯಿತೆಂದು ಸಂದೇಶ ನಂಬಿ ಎಪ್ಸಂ ಸಾಲ್ಟ್ ತಂದು ಮೂರು ಸಲ ಸಿಂಪಡಿಸಿದೆವು. ಬಳ್ಳಿ ಇನ್ನಷ್ಟು ಬಿಳಿಚಿಕೊಂಡಿತು.

ಎಪ್ಸಂ ಸಾಲ್ಟ್ ಎಂದರೆ ಮೆಗ್ನೀಸಿಯಂ ಸಲ್ಫೇಟ್. ಮೆಗ್ನೀಸಿಯಂ ಕೊರತೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಹೊಸ ಎಲೆಗೆ ಕೊಡುತ್ತದೆ. ಕಬ್ಬಿಣವನ್ನು ಗಿಡ ಹಾಗೆ ಸಾಗಿಸಲಾರದು. ಆದ್ದರಿಂದ ಕಬ್ಬಿಣದ ಕೊರತೆ ಕಾಣುವುದು ತುದಿಯ ಎಳೆ ಎಲೆಯಲ್ಲಿ: ನರ ಹಸಿರು, ನಡುವಿನ ಭಾಗ ಹಳದಿ. ಎರೆಮಣ್ಣಿನಲ್ಲಿ ಸಾಮಾನ್ಯವಾಗಿ ಕಾಡುವುದು ಈ ಎರಡನೆಯದು. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ಸುಣ್ಣ ಅದನ್ನು ಬೇರಿಗೆ ಸಿಗದಂತೆ ಕಟ್ಟಿಹಾಕುತ್ತದೆ. ಸತುವಿನ ಕಥೆಯೂ ಇದೇ. ಬೂದಿ, ಸುಣ್ಣ ಸುರಿದಷ್ಟೂ ಕಟ್ಟು ಬಿಗಿಯಾಗುತ್ತದೆ.

ಕಬ್ಬಿಣ ಮಣ್ಣಿನಿಂದ ಸಿಗದಿದ್ದರೆ ಎಲೆಯ ಮೂಲಕ ಕೊಡಬೇಕು. ಅಂಗಡಿಯಲ್ಲಿ ಅನ್ನಭೇದಿ ಎಂದು ಸಿಗುವ ಫೆರಸ್ ಸಲ್ಫೇಟ್ 5 ಗ್ರಾಂ, ಸಿಟ್ರಿಕ್ ಆ್ಯಸಿಡ್ 1 ಗ್ರಾಂ, ಇವೆರಡನ್ನು 1 ಲೀಟರ್ ನೀರಿಗೆ ಬೆರೆಸಿ ಬಿಸಿಲು ಇಳಿದ ಮೇಲೆ ಸಿಂಪಡಿಸಬೇಕು. ಮೊದಲು ಒಂದೆರಡು ಎಲೆಗೆ ಹಾಕಿ ನೋಡಿ, ಸುಡದಿದ್ದರೆ ಮುಂದುವರಿಸಿ.

ಉಸುಕು ಕಲಸಬೇಡಿ, ಮೇಲೆ ಹರಡಿ

ಎರೆಮಣ್ಣಿನ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು ಇದರಿಂದಲೇ. ಇದಕ್ಕೆ ಎರಡು ಬುಟ್ಟಿ ಉಸುಕು ಕಲಸಿದರೆ ಮಣ್ಣು ಹಗುರಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಜೇಡಿ ಉಸುಕಿನ ಕಣಗಳ ಸಂದಿಗಳನ್ನೆಲ್ಲ ತುಂಬಿ, ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮಣ್ಣಿನ ಗುಣ ನಿಜಕ್ಕೂ ಬದಲಾಗಬೇಕಾದರೆ ಉಸುಕು ಹೆಚ್ಚುಕಡಿಮೆ ಮಣ್ಣಿನಷ್ಟೇ ಬೇಕು.

ಆದರೆ ಉಸುಕಿನ ನಿಜವಾದ ಉಪಯೋಗ ಈ ಭಾಗದ ರೈತರಿಗೆ ಯಾವ ವಿಡಿಯೋ ಬರುವ ಮೊದಲೇ ಗೊತ್ತಿತ್ತು. ಗದಗ, ಕೊಪ್ಪಳ ಜಿಲ್ಲೆಗಳ ಎರೆ ಹೊಲಗಳಲ್ಲಿ ಹಳ್ಳದ ಉಸುಕನ್ನು ತಂದು ಹೊಲದ ಮೇಲೆ ಹರಡುವ ಪದ್ಧತಿ ಬಹಳ ಹಿಂದಿನದು. ಮಣ್ಣು ಮತ್ತು ನೀರಿನ ಸಂರಕ್ಷಣೆಯ ಬಗ್ಗೆ ಬರೆಯುವ ಕೃಷಿ ವಿಜ್ಞಾನಿಗಳು ಇದನ್ನು ದಾಖಲಿಸಿದ್ದಾರೆ. ಮೇಲಿನ ಉಸುಕು ಮಳೆಹನಿಯ ಹೊಡೆತ ತಡೆಯುತ್ತದೆ, ನೀರು ಹರಿದುಹೋಗದೆ ಒಳಗಿಳಿಯುತ್ತದೆ, ಕೆಳಗಿನ ತೇವ ಮೇಲೇರಿ ಆವಿಯಾಗುವ ದಾರಿ ಮುಚ್ಚುತ್ತದೆ, ಬಿರುಕೂ ಕಡಿಮೆ. ಒಂದೇ ಉಸುಕು, ಮೇಲಿದ್ದರೆ ಹೊದಿಕೆ, ಒಳಗೆ ಕಲಸಿದರೆ ಇಟ್ಟಿಗೆ.

ಈಗ ಹಳ್ಳದ ಉಸುಕು ತೆಗೆಯಲು ಪರವಾನಗಿ ಬೇಕು, ದರವೂ ಕೈಗೆಟುಕದು. ಹಿತ್ತಲಿಗೆ ಅದರ ಅಗತ್ಯವೂ ಇಲ್ಲ. ಕಡಲೆ, ಹಿಂಗಾರಿ ಜೋಳದ ಸುಗ್ಗಿ ಮುಗಿಯುವುದು ಸರಿಯಾಗಿ ಇದೇ ಹೊತ್ತಿಗೆ. ಕಡಲೆ ಹೊಟ್ಟು, ಶೇಂಗಾ ಸಿಪ್ಪೆ, ದನ ತಿಂದು ಬಿಟ್ಟ ಕಣಿಕೆಯ ತುಂಡು ಇವನ್ನು ಗಿಡದ ಸುತ್ತ ಮೂರು ಬೆರಳು ದಪ್ಪ ಹರಡಿದರೆ ಅದೇ ಕೆಲಸ ಆಗುತ್ತದೆ, ಮಳೆಗಾಲಕ್ಕೆ ಕೊಳೆತು ಗೊಬ್ಬರವೂ ಆಗುತ್ತದೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಗೆದ್ದಲು ಹತ್ತೀತು.

ನೀರಿನ ವಿಷಯದಲ್ಲಿ ಮಾತ್ರ ಎಚ್ಚರ

ಬೇರೆ ತಪ್ಪುಗಳು ಒಂದು ಬೆಳೆ ಕೆಡಿಸುತ್ತವೆ. ನೀರಿನ ತಪ್ಪು ಮಣ್ಣನ್ನೇ ಕೆಡಿಸುತ್ತದೆ. ಊರೂರಲ್ಲಿ ಶುದ್ಧ ನೀರಿನ ಘಟಕ ಬಂದಿವೆ, ಕೆಲವರ ಮನೆಯಲ್ಲೂ ಆರ್‌ಒ ಯಂತ್ರವಿದೆ. ಅದರಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕಿ ಎಂಬ ಸಂದೇಶ ನೋಡಲು ಬಹಳ ಒಳ್ಳೆಯದೇ. ಆದರೆ ಶುದ್ಧ ನೀರಿನಿಂದ ತೆಗೆದ ಲವಣವೆಲ್ಲ ಹೋಗುವುದು ಆ ನೀರಿಗೇ. ಬೋರಿನ ನೀರೇ ಸವಳಾಗಿದ್ದರೆ ಅದು ಇನ್ನೂ ಸವಳು. ಎರೆಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಅದರಲ್ಲಿನ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡಿ ಮಣ್ಣಿನ ರಂಧ್ರ ಮುಚ್ಚುತ್ತದೆ. ಆ ಮಣ್ಣು ಹಸಿಯಾದರೆ ಅಂಟು, ಒಣಗಿದರೆ ಕಲ್ಲು, ಮೇಲೆ ಬಿಳಿ ಪೊರೆ. ಆ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಬಟ್ಟೆ ಪೌಡರಿನ ನೀರೂ ದಿನಾ ಬೇಡ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ಧಾರಾಳವಾಗಿ ಹಾಕಿ. ಕಳೆ ಸಾಯಲು ಉಪ್ಪು, ವಿನೆಗರ್ ಸಿಂಪಡಿಸಿ ಎಂಬ ಸಂದೇಶ ಬಂದರೆ ಅಳಿಸಿಬಿಡಿ.

ನಿಮ್ಮ ಮಣ್ಣು ಆಗಲೇ ಸವಳಾಗಿದೆಯೇ? ಗಾಜಿನ ಲೋಟದಲ್ಲಿ ಮಳೆನೀರೋ ಫಿಲ್ಟರ್ ನೀರೋ ತುಂಬಿ, ಒಣಗಿದ ಸಣ್ಣ ಹೆಂಟೆಯನ್ನು ಮೆಲ್ಲಗೆ ಬಿಡಿ. ಕಲಕಬೇಡಿ. ಹೆಂಟೆ ಉದುರಿ ತಳಕ್ಕೆ ಕುಳಿತು ಮೇಲಿನ ನೀರು ತಿಳಿಯಾಗಿದ್ದರೆ ಚಿಂತೆ ಇಲ್ಲ. ಮರುದಿನವೂ ನೀರು ಹಾಲಿನಂತೆ ಕದಡಿದ್ದರೆ ಸೋಡಿಯಂ ಹೆಚ್ಚಿರುವ ಸಾಧ್ಯತೆ ಇದೆ. ಅದಕ್ಕೆ ಮದ್ದು ಸುಣ್ಣವಲ್ಲ, ಜಿಪ್ಸಂ. ಎಷ್ಟು ಎಂಬುದನ್ನು ಮಣ್ಣುಪರೀಕ್ಷೆ ಹೇಳಬೇಕು. ಮಡಿಯ ಐದಾರು ಕಡೆ ಅರ್ಧ ಅಡಿ ಆಳದಿಂದ ಮಣ್ಣು ತೆಗೆದು, ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ. ಕಟ್ಟಿಕೊಂಡು ಹೋಗಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಇಲ್ಲವೇ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಮಡಿ ಎಲ್ಲಿ, ಯಾವಾಗ?

ಗೋಡೆಗೆ ತಾಗಿಸಿ ಮಡಿ ಮಾಡಬೇಡಿ. ಉಬ್ಬಿ ಕುಗ್ಗುವ ಮಣ್ಣಿಗೆ ದಿನಾ ನೀರುಣಿಸಿದರೆ ಅಡಿಪಾಯದ ಒಂದು ಬದಿ ಮಾತ್ರ ಏರಿಳಿದು ಗೋಡೆ ಬಿರಿಯುತ್ತದೆ. ನರಗುಂದದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಟ್ಟಣದ ಮನೆಗಳಲ್ಲಿ, ಬೀದಿಗಳಲ್ಲಿ ನೆಲ ಏಕಾಏಕಿ ಕುಸಿದಾಗ ಹಿಂದೆ ಕಾಳು ತುಂಬುತ್ತಿದ್ದ ಹಳೆಯ ಹಗೇವುಗಳು, ಮೇಲೇರಿದ ಅಂತರ್ಜಲ ಎರಡರ ಹೆಸರೂ ಕೇಳಿಬಂದಿತ್ತು. ಹಿತ್ತಲಿನಲ್ಲಿ ಹಗೇವು ಇತ್ತೆಂದು ಹಿರಿಯರು ಹೇಳಿದರೆ ಅದರ ಮೇಲೆ ನೀರು ನಿಲ್ಲಿಸುವ ಕೆಲಸ ಬೇಡವೇ ಬೇಡ. ಗೋಡೆಯಿಂದ ಐದಾರು ಅಡಿಯಾದರೂ ದೂರವಿರಲಿ.

ಅಗೆಯಲು ಹದ ಮುಖ್ಯ. ಎರೆಮಣ್ಣು ಹಸಿಯಿದ್ದಾಗ ಅಗೆದರೆ ಸಲಿಕೆಗೆ ಮೆತ್ತಿ, ಒಣಗಿದ ಮೇಲೆ ಒಡೆಯಲಾಗದ ಹೆಂಟೆಯಾಗುತ್ತದೆ. ಪೂರ್ತಿ ಒಣಗಿದ್ದರೆ ಗುದ್ದಲಿಯೇ ಜಿಗಿಯುತ್ತದೆ. ನೀರು ಬಿಟ್ಟು ಮೂರ್ನಾಲ್ಕು ದಿನ ಕಾಯಿರಿ. ಹಿಡಿಯಲ್ಲಿ ಒತ್ತಿದ ಉಂಡೆ ಹೆಬ್ಬೆರಳು ತಾಗಿಸಿದರೆ ಪುಡಿಯಾಗುವುದೇ ಹದ. 10 ಅಡಿಗೆ 10 ಅಡಿ ಮಡಿಗೆ 25 ಕೆ.ಜಿ.ಯಷ್ಟು ತಿಪ್ಪೆಗೊಬ್ಬರ ಸಾಕು, ಆದರೆ ಪೂರ್ತಿ ಕಳಿತಿರಬೇಕು. ಹಸಿ ಸಗಣಿ ಹಾಕಿದರೆ ಗೆದ್ದಲು, ಗೊಣ್ಣೆಹುಳಕ್ಕೆ ಊಟ ಬಡಿಸಿದಂತೆ. ಕಳಿತ ಗೊಬ್ಬರ ಮಾತ್ರ ಈ ಮಣ್ಣಿನ ಎಲ್ಲ ತೊಂದರೆಗೂ ಸ್ವಲ್ಪ ಸ್ವಲ್ಪ ಮದ್ದು: ಜೇಡಿಯನ್ನು ಸಡಿಲಿಸುತ್ತದೆ, ಕಬ್ಬಿಣ, ಸತುವನ್ನು ಬೇರಿಗೆ ಸಿಗುವಂತೆ ಹಿಡಿದಿಡುತ್ತದೆ.

ಇನ್ನು ಬಿತ್ತನೆ. ವಿದೇಶದ ವಸಂತದಲ್ಲಿ ಟೊಮೆಟೊ ನೆಡುತ್ತಾರೆಂದು ಇಲ್ಲಿ ಯುಗಾದಿಗೆ ನೆಟ್ಟರೆ ಹೂ ಬಿಡುವ ಹೊತ್ತಿಗೆ ಬಿಸಿಲು 38 ಡಿಗ್ರಿ ಮುಟ್ಟಿರುತ್ತದೆ. 35 ದಾಟಿದರೆ ಅದರ ಪರಾಗ ಕೆಟ್ಟು ಹೂ ಉದುರುತ್ತದೆ. ಟೊಮೆಟೊ ಸಸಿಗೆ ಜೂನ್ ತನಕ ಕಾಯಿರಿ. ಮೆಂತ್ಯ, ಕೊತ್ತಂಬರಿಯೂ ಈ ಸೆಕೆಗೆ ಎಲೆ ಬಿಡುವ ಮೊದಲೇ ಹೂವಿಗೆ ಬರುತ್ತವೆ. ಈಗ ಹಾಕಬೇಕಾದವು ಬೆಂಡಿ, ಚವಳಿ, ಹೀರೆ, ಹಾಗಲ, ಸೌತೆ, ರಾಜಗಿರಿ, ಪುಂಡಿಪಲ್ಯ. ಹೀರೆ, ಹಾಗಲದ ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಗ್ಗೆ ಬೆರಳಿನ ಒಂದು ಗಿಣ್ಣು ಆಳಕ್ಕೆ ಊರಿ. ಮೊಳಕೆ ಏಳುವ ತನಕ ಮೇಲ್ಮಣ್ಣು ಹೆಪ್ಪುಗಟ್ಟದಂತೆ ಹಳೆಯ ಗೋಣಿಚೀಲ ಹಾಸಿ ಅದರ ಮೇಲೆ ನೀರು ಚಿಮುಕಿಸಿ. ಮೂರನೇ ದಿನದಿಂದ ಬೆಳಗ್ಗೆ ಸಂಜೆ ಚೀಲ ಎತ್ತಿ ನೋಡುತ್ತಿರಿ. ಮೊಳಕೆ ಕಂಡ ಸಂಜೆಯೇ ತೆಗೆಯದಿದ್ದರೆ ಅದು ಚೀಲದ ನಾರಿಗೆ ಸಿಕ್ಕಿ ಮುರಿಯುತ್ತದೆ.