ಫೆಬ್ರವರಿ 28: ಒಂದು ಬೆಳಕು, ಒಂದು ಕತ್ತಲೆ

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕಿಟಕಿಯಾಚೆ ಬೂದು ಬಣ್ಣದ ಗುಡ್ಡಗಳು ಕಾಣಿಸುತ್ತವೆ. ಕೋಲಾರ ಚಿನ್ನದ ಗಣಿಯವರು ಇವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. ಚಿನ್ನ ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಹುಡಿ ಅದು. ಗಾಳಿ ಎದ್ದರೆ ಮನೆಯೊಳಗೂ ಬರುತ್ತದೆ.

ಇಲ್ಲಿನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ನಮ್ಮ ಶಾಲೆಗಳಲ್ಲಿ ಪ್ರತಿ ವರ್ಷ ಅದೇ ತಾರೀಖಿನಂದು ವಿಜ್ಞಾನ ದಿನ ಆಚರಿಸುತ್ತೇವೆ. 1928ರ ಆ ದಿನ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡರು. ತಾರೀಖು ಒಂದೇ ಆದದ್ದು ಆಕಸ್ಮಿಕ. ಆದರೆ ಈ ಎರಡು ಚರಿತ್ರೆಗಳನ್ನು ಕೂಡಿಸುವ ವಸ್ತುವೊಂದಿದೆ: ಬೆಣಚುಕಲ್ಲು.

ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಹಾಯಿಸಿದರೆ ಚದುರುವ ಬೆಳಕು ಬಹುಪಾಲು ಅದೇ ಬಣ್ಣದಲ್ಲಿರುತ್ತದೆ. ಸುಮಾರು ಕೋಟಿಗೊಂದು ಪಾಲು ಮಾತ್ರ ಬಣ್ಣ ಬದಲಿಸುತ್ತದೆ. ಆ ಬದಲಾವಣೆಯಲ್ಲಿ ವಸ್ತುವಿನ ಅಣುಗಳ ಗುರುತು ಇರುತ್ತದೆ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಇದನ್ನು ದ್ರವಗಳಲ್ಲಿ ಕಂಡರೆ, ಅದೇ 1928ರಲ್ಲಿ ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಬೆಣಚಿನ ಹರಳಿನಲ್ಲಿ ಕಂಡರು.

ಆ ಹೊತ್ತಿಗೆ ಕೋಲಾರದ ಗಣಿಗಳಲ್ಲಿ ಅದೇ ಬೆಣಚು ಪುಡಿಯಾಗುತ್ತಿತ್ತು. ಚಿನ್ನ ಇದ್ದದ್ದೇ ಬೆಣಚಿನ ಪದರಗಳಲ್ಲಿ. ಸುರಂಗ ಕೊರೆಯುತ್ತಿದ್ದವರಲ್ಲಿ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು ಹೆಚ್ಚು. ಕಣ್ಣಿಗೆ ಕಾಣದ ಸಣ್ಣ ಹುಡಿ ಶ್ವಾಸಕೋಶಕ್ಕಿಳಿದು ಅಲ್ಲೇ ಕೂತು ಗಾಯ ಮಾಡುತ್ತದೆ, ಗಾಯ ಗಟ್ಟಿಯಾಗುತ್ತದೆ, ಉಸಿರು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಗುಣವಾಗದ ಈ ಕಾಯಿಲೆಯನ್ನು ಎಷ್ಟೋ ಸಲ ಕ್ಷಯವೆಂದೇ ತಿಳಿಯುತ್ತಿದ್ದರು. 1940ರ ದಶಕದಲ್ಲಿ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಯಲ್ಲಿ ಅದು ಕಂಡುಬಂತು.

ಉರ್ದು ಶಾಲೆಯಲ್ಲಿ ನಾವು 'ದಮ್' ಎಂದರೆ ಉಸಿರು, ಪ್ರಾಣ ಎಂದು ಕಲಿತೆವು. ಕನ್ನಡದಲ್ಲಿ 'ದಮ್ಮು' ಎಂದರೆ ಉಬ್ಬಸ. ಗಣಿಯವರ ಬದುಕು ಈ ಎರಡು ಅರ್ಥಗಳ ನಡುವೆಯೇ ಕಳೆಯಿತು.

ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಗಣಿಗೂ ಅವರ ಪ್ರಯೋಗಾಲಯಕ್ಕೂ ನೂರು ಕಿಲೋಮೀಟರಿನಷ್ಟೇ ಅಂತರ. ಅವರನ್ನು ದೂರುವಂತಿಲ್ಲ. ಅಂದಿನ ಪಾದರಸದ ದೀಪದಲ್ಲಿ ಆ ಕ್ಷೀಣ ಗುರುತನ್ನು ಹಿಡಿಯಲು ಗಂಟೆಗಟ್ಟಲೆ ಕಾಯಬೇಕಿತ್ತು. ರಕ್ತ ಮಾಂಸಗಳ ಮಾತು ದೂರವೇ. 1960ರಲ್ಲಿ ಲೇಸರ್ ಬಂದ ಮೇಲೆ ದಾರಿ ತೆರೆಯಿತು.

ಇಂದು ಆ ಬೆಳಕು ದೇಹದೊಳಕ್ಕೆ ಇಣುಕುತ್ತಿದೆ. ನಮ್ಮ ಮಣಿಪಾಲದ ಸಂಶೋಧಕರು ಲೇಸರಿನ ಚಿಮಟದಲ್ಲಿ ಒಂದೊಂದೇ ಜೀವಂತ ರಕ್ತಕಣವನ್ನು ಹಿಡಿದು ನಿಲ್ಲಿಸಿ ಅದರ ರಾಮನ್ ರೋಹಿತವನ್ನು ಓದಿ 2010ರಲ್ಲಿ ಪ್ರಕಟಿಸಿದರು. ನವಿ ಮುಂಬೈಯ ಟಾಟಾ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ರಕ್ತದ ಸೀರಂನಲ್ಲಿ ಬಾಯಿ ಕ್ಯಾನ್ಸರಿನ ಸುಳಿವು ಹುಡುಕಿದ್ದಾರೆ. ಕೆನಡಾದ ವ್ಯಾಂಕೂವರ್ ತಂಡ 2012ರಲ್ಲಿ ಚರ್ಮದ 518 ಮಚ್ಚೆ, ಗಂಟುಗಳನ್ನು ಕತ್ತರಿಯಿಲ್ಲದೆ ಪರೀಕ್ಷಿಸಿದ ವರದಿ ಕೊಟ್ಟಿತು. ಆದರೆ ಇಲ್ಲೊಂದು ಎಚ್ಚರ ಬೇಕು. ಕಪ್ಪು ಚರ್ಮದ ಮೆಲನಿನ್ ತಾನೇ ಹೊಳೆದು ಈ ಗುರುತನ್ನು ಮಸುಕು ಮಾಡುತ್ತದೆ. ಬಿಳಿಯರ ಚರ್ಮದ ಮೇಲೆ ಪಳಗಿದ ಯಂತ್ರ ನಮ್ಮ ಚರ್ಮವನ್ನು ಅಷ್ಟೇ ಚೆನ್ನಾಗಿ ಓದುತ್ತದೆ ಎಂದು ನಂಬಿ ಕೂರುವಂತಿಲ್ಲ; ನಮ್ಮವರ ಮೇಲೆಯೇ ಪರೀಕ್ಷಿಸಿ ನೋಡಬೇಕು.

ಬೆಣಚಿಗೂ ರಾಮನ್ ರೋಹಿತದಲ್ಲಿ ಸ್ಪಷ್ಟ ಗುರುತಿದೆ. ಗಾಳಿಯ ದೂಳಿನಲ್ಲಿ ಅದನ್ನು ಈ ಬೆಳಕಿನಿಂದ ಅಳೆಯುವ ಪ್ರಯೋಗಗಳು ನಡೆದಿವೆ. ಹಾಗಾದರೆ ಕೋಲಾರದಲ್ಲಿ ಕೊರತೆಯಿದ್ದದ್ದು ಬೆಳಕಿನದೇ? ಅಲ್ಲ ಎಂಬುದು ನಮ್ಮ ಅನಿಸಿಕೆ. ದೂಳು ಕೊಲ್ಲುತ್ತದೆ ಎಂದು 1930ರ ದಶಕದಲ್ಲೇ ಗೊತ್ತಿತ್ತು. ಎಕ್ಸ್‌ರೇ ಇತ್ತು. ನೀರು ಹಾಯಿಸಿ ಕೊರೆದರೆ ದೂಳು ತಗ್ಗುತ್ತದೆಂಬ ತಿಳಿವಳಿಕೆಯೂ ಇತ್ತು. ಚಿನ್ನವನ್ನು ಗುಂಜಿ ಗುಂಜಿಯಾಗಿ ತೂಗಿದವರು ಉಸಿರನ್ನು ತೂಗಲಿಲ್ಲ.

ಗಣಿಗಾರರ ಆರೋಗ್ಯಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಈ ಚಿನ್ನದ ಗಣಿಯ ಊರಿನಲ್ಲೇ ಆರಂಭವಾಗಿತ್ತು. ಮುಂದೆ ಅದು ನಾಗಪುರಕ್ಕೆ ಹೋಯಿತು. ಅದನ್ನು ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯೊಂದಿಗೆ ವಿಲೀನಗೊಳಿಸಲು 2019ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿತು. ಅದೇ ಅಹಮದಾಬಾದಿನ ಸಂಸ್ಥೆ ಸಿಲಿಕಾ ದೂಳಿನಿಂದ ಶ್ವಾಸಕೋಶಕ್ಕಾದ ಹಾನಿಯನ್ನು ರಕ್ತದಲ್ಲಿ ಬೇಗ ಗುರುತಿಸುವ ಪರೀಕ್ಷೆಯನ್ನು ರೂಪಿಸಿದೆ. ಅದು ಸಿಸಿ16 ಎಂಬ ಪ್ರೋಟೀನನ್ನು ಅಳೆಯುತ್ತದೆ. ಅದರಲ್ಲಿ ರಾಮನ್ ಬೆಳಕಿಲ್ಲ, ಆದರೆ ಹುಡುಕುವ ಸತ್ಯ ಒಂದೇ: ಎದೆ ಹೇಳಿಕೊಳ್ಳಲಾರದ್ದನ್ನು ರಕ್ತ ಮೊದಲೇ ಹೇಳಬಲ್ಲದು.

ಸಿಲಿಕೋಸಿಸ್ ದುಡಿಮೆ ಬಿಟ್ಟ ಎಷ್ಟೋ ವರ್ಷಗಳ ನಂತರವೂ ಕಾಣಿಸಿಕೊಳ್ಳುತ್ತದೆ. ಗಣಿ ಮುಚ್ಚಿತೆಂದು ಅದು ಮುಗಿಯುವುದಿಲ್ಲ. ಮುಂದಿನ ಫೆಬ್ರವರಿ 28ರಂದು ಶಾಲೆಗಳಲ್ಲಿ ರಾಮನ್ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅಂದೇ ಮಾರಿಕುಪ್ಪಂ ರೈಲು ಹತ್ತಿ, ಉಳಿದಿರುವ ಹಳೆಯ ಗಣಿಗಾರರ ಬಾಗಿಲಿಗೆ ವೈದ್ಯರೊಬ್ಬರು ಹೋಗಿ ಅವರ ಎದೆ, ರಕ್ತ ಪರೀಕ್ಷಿಸಿದರೆ ವಿಜ್ಞಾನ ದಿನಕ್ಕೆ ಅದಕ್ಕಿಂತ ದೊಡ್ಡ ಗೌರವ ಇನ್ನಾವುದಿದೆ?