ಹೊಲಿಗೆ ಡಬ್ಬಿಯ ಹಿತ್ತಾಳೆ ಗುಂಡಿ ಯಾರದು?

ಕನ್ನಡದಲ್ಲಿ ಗುಂಡಿ ಅಂದರೆ ಹಳ್ಳವೂ ಹೌದು, ಅಂಗಿಯ ಬಟನ್ನೂ ಹೌದು. ಈ ಬರಹ ಎರಡನೆಯದರ ಬಗ್ಗೆ.

ಹಳೇ ಮನೆಗಳಲ್ಲಿ ಸೂಜಿ ದಾರದ ಡಬ್ಬಿ ತೆಗೆದು ಸುರಿದರೆ ಬಗೆಬಗೆಯ ಗುಂಡಿಗಳು ಉದುರುತ್ತವೆ. ಪ್ಲಾಸ್ಟಿಕ್, ಚಿಪ್ಪು, ಸ್ಟೀಲು. ನಡುವೆ ಒಂದೋ ಎರಡೋ ಭಾರದ ಹಿತ್ತಾಳೆ ಗುಂಡಿ ಸಿಗಬಹುದು. ಮುಂದೆ ಕಿರೀಟವೋ ಸಿಂಹವೋ ಒಂದಿಷ್ಟು ಇಂಗ್ಲಿಷ್ ಅಕ್ಷರವೋ ಇರುತ್ತದೆ, ಹಿಂದೆ ಒಂದು ಕೊಂಡಿ. ಗುಜರಿಯವನಿಗೆ ಅದು ಕೆಜಿ ಲೆಕ್ಕದ ಹಿತ್ತಾಳೆ. ಆದರೆ ಮುತ್ತಜ್ಜ ಯಾವ ಪಲ್ಟನ್ನಿನಲ್ಲಿದ್ದ, ಯಾವ ರೈಲು ಕಂಪನಿಯಲ್ಲಿ ದುಡಿದ ಎಂಬುದಕ್ಕೆ ಎಷ್ಟೋ ಮನೆಗಳಲ್ಲಿ ಅದೊಂದೇ ಗುರುತು. ಕಾಗದಗಳನ್ನು ಗೆದ್ದಲು ತಿಂದಿದೆ, ಹೆಸರು ನೆನಪಿದ್ದವರು ಹೋಗಿದ್ದಾರೆ, ಗುಂಡಿ ಉಳಿದಿದೆ.

ಕೋಟು ಹೋದರೂ ಗುಂಡಿ ಮಾತ್ರ ಹೇಗೆ ಉಳಿಯಿತು? ಅದರಲ್ಲಿ ಅಗಸರ ಕಲ್ಲಿನ ಪಾತ್ರವೂ ಇದೆ. ನಮ್ಮ ಬಿಸಿಲಿನ ನಾಡಿನಲ್ಲಿ ತೊಡುವ ತೆಳು ಖಾಕಿ ಕೋಟುಗಳನ್ನು ಪದೇ ಪದೇ ಒಗೆಯಬೇಕಿತ್ತು. ಹೊಲಿದ ಹಿತ್ತಾಳೆ ಗುಂಡಿಯ ಸಮೇತ ಬಟ್ಟೆಯನ್ನು ಕಲ್ಲಿಗೆ ಬಡಿದರೆ ಬಟ್ಟೆಯೂ ಹಾಳು, ಗುಂಡಿಯೂ ಹಾಳು. ಹಾಗಾಗಿ ಇಂಥ ಕೋಟುಗಳಿಗೆ ಬಿಚ್ಚುವ ಗುಂಡಿ ಇರುತ್ತಿತ್ತು. ಬಟ್ಟೆಯ ತೂತಿನೊಳಗೆ ಕೊಂಡಿ ತೂರಿಸಿ, ಹಿಂದಿನಿಂದ ಸಣ್ಣ ತಂತಿಯ ಉಂಗುರ ಹಾಕುವುದು. ಒಗೆಯುವ ದಿನ ಬಿಚ್ಚಿ ಡಬ್ಬಿಗೆ ಹಾಕುವುದು. ಬಟ್ಟೆ ಹರಿದು ಒರೆಸುವ ಚಿಂದಿಯಾದ ಮೇಲೂ ಗುಂಡಿ ಡಬ್ಬಿಯಲ್ಲೇ ಉಳಿಯಿತು. ಅಂದಹಾಗೆ, ಖಾಕಿ ಬಟ್ಟೆಯ ಕಥೆಯಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಗೂ ಜಾಗವಿದೆ. ಅದನ್ನು ಇನ್ನೊಮ್ಮೆ ಬರೆಯುವೆ.

ಮೊದಲು ರೈಲಿನ ಗುಂಡಿ ನೋಡೋಣ, ಅದು ಓದಲು ಸುಲಭ. ರೈಲು ಕಂಪನಿಗಳು ಸಾಮಾನ್ಯವಾಗಿ ತಮ್ಮ ಹೆಸರಿನ ಮೊದಲಕ್ಷರಗಳನ್ನು ಗುಂಡಿಯ ಮೇಲೆ ಒತ್ತಿಸುತ್ತಿದ್ದವು. ಕಂಪನಿ ಹುಟ್ಟಿದ, ಮುಗಿದ ವರ್ಷ ಗೊತ್ತಿದ್ದರೆ ಗುಂಡಿಯ ಕಾಲವೂ ಗೊತ್ತಾದಂತೆ. ಎಸ್.ಎಂ.ಆರ್. ಅಂದರೆ ಸದರ್ನ್ ಮರಾಠಾ ರೈಲ್ವೆ. 1882ರಲ್ಲಿ ಶುರುವಾದ ಕಂಪನಿ, ಧಾರವಾಡದಲ್ಲಿ ಅದರ ಮುಖ್ಯ ಕಚೇರಿಯಿತ್ತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿ ಎಂ. ಅಂಡ್ ಎಸ್.ಎಂ. ಆಯಿತು. ನಮ್ಮ ಹಿರಿಯರು 'ಎಂಎಸ್ಸೆಂ' ಅನ್ನುತ್ತಿದ್ದುದು ಇದನ್ನೇ. 1951ರ ಏಪ್ರಿಲ್ 14ರಂದು ಎಂಎಸ್ಸೆಂ, ಸೌತ್ ಇಂಡಿಯನ್ ರೈಲ್ವೆ, ಮೈಸೂರು ಸ್ಟೇಟ್ ರೈಲ್ವೆ ಮೂರೂ ಸೇರಿ ದಕ್ಷಿಣ ರೈಲ್ವೆ ಆಯಿತು. ಅಲ್ಲಿಗೆ ಆ ಹಳೇ ಅಕ್ಷರಗಳ ಕಾಲ ಮುಗಿಯಿತು.

ಇಲ್ಲಿ ಒಂದು ತಮಾಷೆಯ ತೊಡಕಿದೆ. ಬೆಂಗಳೂರು–ಮೈಸೂರು ಮೀಟರ್ ಗೇಜ್ ದಾರಿ ಕಟ್ಟಿಸಿದ್ದು ಮೈಸೂರು ಸಂಸ್ಥಾನ. ಆದರೆ 1886ರಿಂದ ಹಲವು ದಶಕ ಅದನ್ನು ನಡೆಸಿದ್ದು ಮೇಲೆ ಹೇಳಿದ ಕಂಪನಿ. ಹಾಗಾಗಿ ಮದ್ದೂರಿನ ಸ್ಟೇಷನ್ನಿನಲ್ಲಿ ಮಹಾರಾಜರ ಹಳಿಯ ಪಕ್ಕ ನಿಂತು ಬಾವುಟ ಬೀಸುತ್ತಿದ್ದವನ ಎದೆಯ ಮೇಲೆ ಧಾರವಾಡದ ಕಂಪನಿಯ ಅಕ್ಷರ ಇರಬಹುದಿತ್ತು. ಊರು ನೋಡಿ ಕಂಪನಿ ಹೇಳಬೇಡಿ, ಅಕ್ಷರ ನೋಡಿ ಹೇಳಿ.

ಗಡಿಯ ಜಂಕ್ಷನ್ನುಗಳಲ್ಲಿ ಇನ್ನೂ ಗೋಜಲು. ರಾಯಚೂರಿನಲ್ಲಿ 1871ರಲ್ಲಿ ಎರಡು ಕಂಪನಿಗಳ ಹಳಿ ಕೂಡಿದವು: ಬೊಂಬಾಯಿ ಕಡೆಯಿಂದ ಬಂದ ಜಿ.ಐ.ಪಿ., ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆ. ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಹೊರಡುತ್ತಿತ್ತು. ಈ ಸೀಮೆಯ ಮನೆಗಳಲ್ಲಿ ಮೂರರಲ್ಲಿ ಯಾವುದರ ಗುಂಡಿಯಾದರೂ ಸಿಗಬಹುದು. ಅಕ್ಷರವನ್ನೂ ಪೂರ್ತಿ ನಂಬುವಂತಿಲ್ಲ. ಎಂ.ಆರ್. ಅಂದರೆ ಮದ್ರಾಸ್ ರೈಲ್ವೆಯೂ ಆಗಬಹುದು, ಇಂಗ್ಲೆಂಡಿನ ಮಿಡ್ಲೆಂಡ್ ರೈಲ್ವೆಯೂ ಆಗಬಹುದು. ಎಸ್.ಆರ್. ಕೂಡ ಹಾಗೇ, ಇಂಗ್ಲೆಂಡಿನಲ್ಲೂ ಒಂದು ಸದರ್ನ್ ರೈಲ್ವೆ ಇತ್ತು. ಅಜ್ಜನ ಡಬ್ಬಿಯಲ್ಲಿ ಸಿಕ್ಕಿದ್ದಾದರೆ ನಮ್ಮದೇ ಅನ್ನಲು ಬಲವಾದ ಕಾರಣವಿದೆ. ಆನ್‌ಲೈನಿನಲ್ಲಿ ಕೊಂಡಿದ್ದಾದರೆ ಆ ಕಾರಣ ಇಲ್ಲ.

ಸೈನ್ಯದ ಗುಂಡಿ ಇಷ್ಟು ಸಲೀಸಲ್ಲ. 1760ರ ದಶಕದ ಕೊನೆಯಿಂದ ಬ್ರಿಟಿಷ್ ಪದಾತಿ ದಳಗಳು ಗುಂಡಿಯ ಮೇಲೆ ತಮ್ಮ ನಂಬರ್ ಹಾಕತೊಡಗಿದವು. ಆದ್ದರಿಂದ 1799ರ ಮೇ 4ರಂದು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಒಳನುಗ್ಗಿದ ಸೈನ್ಯದ ಗುಂಡಿಯಲ್ಲಿ 33 ಅಂತಿದ್ದರೆ ಅದು ಆರ್ಥರ್ ವೆಲ್ಲೆಸ್ಲಿಯ ರೆಜಿಮೆಂಟು. ಕಂಪನಿ ಸರ್ಕಾರದ ಗುಂಡಿಗಳಲ್ಲಿ ಕಿರೀಟ ಹಿಡಿದು ನಿಂತ ಸಿಂಹ ಕಾಣುತ್ತದೆ, ಅದು ಈಸ್ಟ್ ಇಂಡಿಯಾ ಕಂಪನಿಯ ಲಾಂಛನ. ಲೋಹವೂ ಮಾತಾಡುತ್ತದೆ. 1855ರವರೆಗೆ ಬ್ರಿಟಿಷ್ ಸೈನ್ಯದ ಸಾಮಾನ್ಯ ಸಿಪಾಯಿಯ ಗುಂಡಿ ತವರ ಬೆರೆತ ಬೂದು ಬಣ್ಣದ್ದು, ಅಧಿಕಾರಿಯದು ಚಿನ್ನದ ಅಥವಾ ಬೆಳ್ಳಿಯ ನೀರು ಹಾಕಿದ್ದು. ಯುದ್ಧಭೂಮಿಯ ಮಣ್ಣಿನಲ್ಲೂ ಅಂತಸ್ತು ಬೇರೆ ಬೇರೆಯಾಗೇ ಬಿದ್ದಿರುತ್ತದೆ.

1871ರಲ್ಲಿ ಬ್ರಿಟಿಷ್ ಸೇನೆ ಸಾಮಾನ್ಯ ಸಿಪಾಯಿಗಳ ಗುಂಡಿಯಿಂದ ನಂಬರ್ ತೆಗೆದು ಎಲ್ಲರಿಗೂ ಒಂದೇ ಗುಂಡಿ ಮಾಡಿತು. ಒಂದು ಕಡೆ ಸಿಂಹ, ಇನ್ನೊಂದು ಕಡೆ ಕೊಂಬಿನ ಕುದುರೆ, ನಡುವೆ ರಾಜಮುದ್ರೆ. ಎರಡೂ ಮಹಾಯುದ್ಧಗಳಲ್ಲಿ ಲೆಕ್ಕವಿಲ್ಲದಷ್ಟು ಇಂಥ ಗುಂಡಿ ಓಡಾಡಿದವು. ನಿಮಗೆ ಸಿಕ್ಕಿದ್ದು ಇದೇ ಆದರೆ ನಿರಾಸೆಯ ಮಾತು ಹೇಳಬೇಕು: ಅದು ರೆಜಿಮೆಂಟಿನ ಹೆಸರು ಹೇಳುವುದಿಲ್ಲ. ಆದರೂ ಕಿರೀಟ ಸ್ವಲ್ಪ ನೆರವಾಗುತ್ತದೆ. ಕಮಾನು ಗುಡ್ಡದಂತೆ ದುಂಡಗೆ ಮೇಲಕ್ಕೆ ಏರಿದ್ದರೆ ಅದು 1901ರಿಂದ 1952ರವರೆಗಿನ ರಾಜರ ಕಾಲದ್ದು. ನೆತ್ತಿಯ ನಡುವೆ ತಗ್ಗಿದ್ದರೆ ಬಹುಪಾಲು 1953ರ ನಂತರದ ರಾಣಿಯ ಕಾಲದ್ದು. ಆಗ ಅದು ನಮ್ಮ ಸೈನ್ಯದ್ದಾಗಿರಲು ಸಾಧ್ಯವಿಲ್ಲ. ಯಾಕೆಂದರೆ 1950ರ ಜನವರಿ 26ರಂದೇ ಭಾರತ ಕಿರೀಟ ಇಳಿಸಿ ಅಶೋಕನ ಸಿಂಹಗಳನ್ನು ಏರಿಸಿತ್ತು. ವಿಕ್ಟೋರಿಯಾ ಕಾಲದ ಕಿರೀಟವೂ ಚಪ್ಪಟೆಯಾಗಿ ಇದನ್ನೇ ಹೋಲುವುದುಂಟು, ಹಾಗಾಗಿ ಗುಂಡಿಯ ಹಿಂಬದಿಯನ್ನೂ ನೋಡಿ.

ಕೆಲವು ಗುಂಡಿ, ಬಿಲ್ಲೆಗಳಲ್ಲಿ ಜಿ.ಆರ್.ಐ. ಎಂದು ಹೆಣೆದ ಅಕ್ಷರ ಇರುತ್ತದೆ. ಜಿ ಅಂದರೆ ಜಾರ್ಜ್, ಆರ್ ಅಂದರೆ ರಾಜ, ಐ ಅಂದರೆ ಚಕ್ರವರ್ತಿ. ಆ ಚಕ್ರವರ್ತಿ ಪಟ್ಟ ಬಂದದ್ದು ಭಾರತದಿಂದ. 1877ರಲ್ಲಿ ವಿಕ್ಟೋರಿಯಾ ಅದನ್ನು ಘೋಷಿಸಿಕೊಂಡಳು. ನಮ್ಮ ಇಡೀ ದೇಶ ಆ ಒಂದು ಅಕ್ಷರದಲ್ಲಿ ಕೂತಿತ್ತು ಅನ್ನಿ.

ಹಿಂಬದಿ ಅಂದೆನಲ್ಲ, ಅಲ್ಲಿ ತಯಾರಕರ ಹೆಸರು ಸಣ್ಣಗೆ ಒತ್ತಿರುತ್ತದೆ. ಲಂಡನ್ನಿನ ಫರ್ಮಿನ್, ಜೆನ್ನೆನ್ಸ್, ಬರ್ಮಿಂಗ್‌ಹ್ಯಾಮಿನ ಗಾಂಟ್ ಕಂಪನಿಗಳ ಹೆಸರು ಮತ್ತೆ ಮತ್ತೆ ಸಿಗುತ್ತವೆ. ಲಂಡನ್ ಅಂತ ಬರೆದಿದೆ ಎಂದ ಮಾತ್ರಕ್ಕೆ ಅದು ದೊರೆಯ ಕೋಟಿನದು ಅಂದುಕೊಳ್ಳಬೇಡಿ. ಗುಂಡಿ ಅಲ್ಲಿಂದ ಬಂದು ಇಲ್ಲಿನವರ ಎದೆಯ ಮೇಲೂ ಕೂತಿದೆ. ಗುಂಡಿ ಒಂದೇ ತಗಡಿನ ಚಪ್ಪಟೆಯಾಗಿದ್ದರೆ ಹಳೆಯದಿರಬಹುದು. ಎರಡು ತಗಡು ಕೂಡಿಸಿದ ಉಬ್ಬು, ಒಳಗೆ ಟೊಳ್ಳಾಗಿದ್ದರೆ ಹತ್ತೊಂಬತ್ತನೇ ಶತಮಾನದ್ದು ಅಥವಾ ಆಮೇಲಿನದು. ತೀರಾ ಹಗುರ, ಉಜ್ಜದೆಯೂ ಥಳಥಳ ಅಂದರೆ ಅದು ಬಣ್ಣ ಹಿಡಿಸಿದ ಅಲ್ಯೂಮಿನಿಯಂ, 1950ರ ದಶಕದಿಂದ ಈಚಿನದು. ಮದುವೆಯ ಬ್ಯಾಂಡ್‌ಸೆಟ್ಟಿನವರ ಕೋಟಿನಲ್ಲೂ ಹದ್ದು, ಸಿಂಹದ ಗುಂಡಿಗಳಿರುತ್ತವೆ. ಚೆಂದವೇ, ಆದರೆ ಅವರು ಯಾವ ಯುದ್ಧಕ್ಕೂ ಹೋದವರಲ್ಲ.

ಗಂಡಭೇರುಂಡ ಕಂಡರೆ ನಮ್ಮವರಿಗೆ ರೋಮಾಂಚನ ಸಹಜ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಊರನ್ನು ಜೋಧಪುರದವರ ಜೊತೆ ಸೇರಿ ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಸಂಸ್ಥಾನದ್ದೇ, ಎರಡು ತಲೆಯ ಈ ಹಕ್ಕಿ ಸಂಸ್ಥಾನದ ಲಾಂಛನ. ಆದರೆ ಹಕ್ಕಿ ಇದ್ದ ಗುಂಡಿಯೆಲ್ಲ ಹೈಫಾದ್ದಲ್ಲ. ಸಂಸ್ಥಾನದ ಬೇರೆ ಇಲಾಖೆಗಳ ಸಮವಸ್ತ್ರದ್ದೂ ಆಗಬಹುದು. ಇಂದಿನ ಕರ್ನಾಟಕ ಸರ್ಕಾರದ ಮುದ್ರೆಯಲ್ಲೂ ಅದೇ ಹಕ್ಕಿ ಇದೆ. ಇಂಥಲ್ಲಿ ಗುಂಡಿಗಿಂತ ಮನೆಯವರ ಮಾತು ಮುಖ್ಯ: ಯಾರು ತಂದರು, ಅವರು ಎಲ್ಲಿಗೆ ಹೋಗಿದ್ದರು, ಪೆನ್ಷನ್ ಎಲ್ಲಿಂದ ಬರುತ್ತಿತ್ತು.

ಆ ಮಾತನ್ನು ಇವತ್ತೇ ಬರೆದಿಡಿ. ಗುಂಡಿಯನ್ನು ಒಂದು ಕಾಗದದ ಪೊಟ್ಟಣದಲ್ಲಿ ಹಾಕಿ, ಅದರ ಮೇಲೆ ಯಾರದು, ಯಾವ ಊರು ಎಂದು ಬರೆದರೆ ಸಾಕು. ಎರಡೂ ಬದಿಯ ಫೋಟೋ ತೆಗೆಯಿರಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ ಸವೆದ ಅಕ್ಷರವೂ ಕಾಣುತ್ತದೆ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೇವರ ದೀಪಕ್ಕೆ ಅದು ಸರಿ. ಗುಂಡಿಗೆ ಹಾಕಿದರೆ ಚಿನ್ನದ ನೀರೂ ಹೋಗುತ್ತದೆ, ತೆಳು ಅಕ್ಷರವೂ ಸವೆಯುತ್ತದೆ. ಮೆತ್ತನೆ ಒಣ ಬ್ರಷ್ಷಿನಿಂದ ಧೂಳು ಕೊಡವಿ, ಅಷ್ಟೇ.

ಮನೆಯ ಡಬ್ಬಿಯ ವಿಷಯ ಬೇರೆ, ಮಣ್ಣಿನ ವಿಷಯ ಬೇರೆ. ಶ್ರೀರಂಗಪಟ್ಟಣದಂಥ ಸಂರಕ್ಷಿತ ಜಾಗದಲ್ಲಿ ಡಿಟೆಕ್ಟರ್ ಹಿಡಿದು ಅಗೆಯುವುದು ಅಪರಾಧ. ನೂರು ವರ್ಷ ದಾಟಿದ ವಸ್ತು 1972ರ ಕಾನೂನಿನಡಿ ಪುರಾತನ ವಸ್ತುವಾಗುತ್ತದೆ. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಹೊರದೇಶಕ್ಕೆ ಕಳಿಸುವಂತಿಲ್ಲ. ಕಾನೂನು ಬದಿಗಿಟ್ಟು ನೋಡಿದರೂ, ಬಿದ್ದ ಜಾಗದಿಂದ ಗುಂಡಿಯನ್ನು ಎತ್ತಿದ ಮೇಲೆ ಯಾವ ದಳ ಎಲ್ಲಿ ಬೀಡುಬಿಟ್ಟಿತ್ತು ಎಂಬ ಸಾಕ್ಷಿ ಹೋಯಿತು. ಉಳುವಾಗ ತಾನಾಗೇ ಸಿಕ್ಕರೆ ಜಾಗ ಗುರುತು ಮಾಡಿಕೊಂಡು ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಹಳೇ ಲೋಹದ ಹೆಸರಿನಲ್ಲಿ 'ರೈಸ್ ಪುಲ್ಲಿಂಗ್' ಅಂತ ಲಕ್ಷದ ಆಸೆ ತೋರಿಸುವವರು ಬಂದರೆ ಬಾಗಿಲು ಹಾಕಿಕೊಳ್ಳಿ. ಯಾವ ಗುಂಡಿಯೂ ಅಕ್ಕಿ ಎಳೆಯುವುದಿಲ್ಲ.

ರೈಲಿನ ಗುಂಡಿ ಸಿಕ್ಕವರು ಮೈಸೂರು ಇಲ್ಲವೇ ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯಕ್ಕೆ ಹೋದಾಗ ಅದರ ಫೋಟೋ ಒಯ್ದು ವಿಚಾರಿಸಿ. ಜೊತೆಗೆ ಪೊಟ್ಟಣದ ಮೇಲೆ ಬರೆದ ಹೆಸರನ್ನೂ ಹೇಳಿ. ಬಾವುಟದವರು, ಗ್ಯಾಂಗ್‌ಮನ್ನರು, ಬಾಯ್ಲರಿಗೆ ಕಲ್ಲಿದ್ದಲು ಹಾಕಿದವರ ಹೆಸರು ಅಲ್ಲಿನ ಫಲಕಗಳಲ್ಲಿ ಸಿಗುವುದು ಕಷ್ಟ.